ನೀರು ಕಂಡರಾಗದ ಯಂತ್ರ

ಚಪಾತಿಗೆ ಹಿಟ್ಟು ನಾದಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಬೆರಳಿಗೆ ಮೆತ್ತಿದ ಹಿಟ್ಟನ್ನು ನಲ್ಲಿಯ ಕೆಳಗೆ ಹಿಡಿದರೆ ಅದು ಬಿಟ್ಟುಹೋಗುವ ಬದಲು ಇನ್ನಷ್ಟು ಜಿಗುಟಾಗುತ್ತದೆ. ನೀರು ಬಿಸಿಯಿದ್ದರಂತೂ ಕೇಳುವುದೇ ಬೇಡ. ಅದೇ ಒಂದು ಚಿಟಿಕೆ ಒಣಹಿಟ್ಟು ಹಾಕಿಕೊಂಡು ಅಂಗೈಗೆ ಅಂಗೈ ಉಜ್ಜಿದರೆ ಎಲ್ಲವೂ ಸಣ್ಣ ಸಣ್ಣ ಎಳೆಗಳಾಗಿ ಉದುರಿ ಬೀಳುತ್ತದೆ. ಕೊಳೆ ತೆಗೆಯಬೇಕಾದ ನೀರೇ ಇಲ್ಲಿ ಕೊಳೆಯ ಪಕ್ಷ ಸೇರಿಕೊಳ್ಳುತ್ತದೆ.

ಇಟಲಿಯ ಅಡುಗೆಮನೆಗಳಲ್ಲಿರುವ ಪಾಸ್ತಾ ಯಂತ್ರದ ಕೈಪಿಡಿ ತೆರೆದರೆ ಇದೇ ಒಗಟು ಎಚ್ಚರಿಕೆಯ ರೂಪದಲ್ಲಿ ಕಾಣಿಸುತ್ತದೆ: ಯಂತ್ರವನ್ನು ನೀರಿನಲ್ಲಿ ತೊಳೆಯಬೇಡಿ, ಡಿಶ್‌ವಾಶರ್‌ಗೆ ಹಾಕಲೇಬೇಡಿ. ಇಡೀ ಮೈ ಲೋಹದ್ದು. ಬಾಳಿನುದ್ದಕ್ಕೂ ಅದು ಮಾಡುವ ಕೆಲಸವೇ ಒದ್ದೆ ಹಿಟ್ಟಿನ ಜೊತೆ. ಆದರೂ ನಲ್ಲಿಯ ಕೆಳಗೆ ಹೋಗುವಂತಿಲ್ಲ. ತುಕ್ಕು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಅದು ನಿಜ, ಆದರೆ ಅರ್ಧ ಮಾತ್ರ. ತುಕ್ಕೇ ಹಿಡಿಯದ ಲೋಹದಿಂದ ಯಂತ್ರ ಮಾಡಿದರೂ ಅದನ್ನು ತೊಳೆಯುವುದು ಜಾಣತನವಲ್ಲ. ಉಳಿದರ್ಧ ಉತ್ತರ ಇರುವುದು ಲೋಹದಲ್ಲಲ್ಲ, ಹಿಟ್ಟಿನಲ್ಲಿ.

ಎರಡು ಉರುಳೆ, ಒಂದು ಸಂದು

ಮೊದಲು ಯಂತ್ರದ ಪರಿಚಯ ಆಗಲಿ. ಉತ್ತರ ಇಟಲಿಯ ಬೊಲೊನ್ಯ ನಗರದಲ್ಲಿ ಮೊಟ್ಟೆ ಹಾಕಿ ನಾದಿದ ಕಣಕವನ್ನು ಉದ್ದನೆಯ ಲಟ್ಟಣಿಗೆಯಿಂದ ಮೇಜಿನಗಲದ ಹಾಳೆಯಾಗಿ ಲಟ್ಟಿಸುವ ಹೆಂಗಸರು ಈಗಲೂ ಇದ್ದಾರೆ. ಆ ಹಾಳೆಯನ್ನು ಮಡಿಸಿ ಚಾಕುವಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ತಾಲ್ಯತೆಲ್ಲೆ ಎಂಬ ಪಾಸ್ತಾ ಸಿದ್ಧ. ಅದರ ಅಗಲದ ಬಗ್ಗೆ ಆ ಊರಿಗೆ ಎಷ್ಟು ಮಡಿವಂತಿಕೆ ಎಂದರೆ, ಬೆಂದ ಪಟ್ಟಿ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಮಾದರಿಯೊಂದನ್ನೇ ಇಡಲಾಯಿತು.

ಅಷ್ಟು ಹೊತ್ತು ಲಟ್ಟಿಸುವ ತೋಳ್ಬಲ ಎಲ್ಲರಿಗೂ ಇರುವುದಿಲ್ಲ. ಅದಕ್ಕೇ ಬಂತು ಕೈಯಿಂದ ತಿರುಗಿಸುವ ಯಂತ್ರ. ಪಾದೊವಾ ಬಳಿಯ ಕಾಂಪೊದಾರ್ಸೆಗೊದಲ್ಲಿ ತಯಾರಾಗುವ ಮಾರ್ಕಾಟೊ ಕಂಪನಿಯ ಅಟ್ಲಾಸ್ 150 ಇವುಗಳಲ್ಲಿ ಹೆಚ್ಚು ಹೆಸರಾದದ್ದು. 150 ಎಂದರೆ ಅದು ಕೊಡುವ ಹಾಳೆಯ ಅಗಲ, ಮಿಲಿಮೀಟರ್‌ಗಳಲ್ಲಿ.

ಒಳಗಿನ ವ್ಯವಸ್ಥೆ ಸರಳ. ಅಕ್ಕಪಕ್ಕದಲ್ಲಿ ಎರಡು ನುಣುಪಾದ ಉರುಳೆಗಳು. ಹಿಡಿಕೆ ತಿರುಗಿಸಿದರೆ ಪಕ್ಕದ ಮುಚ್ಚಳದೊಳಗಿರುವ ಹಲ್ಲುಚಕ್ರಗಳು ಇವೆರಡನ್ನೂ ಎದುರುಬದುರಾಗಿ ತಿರುಗಿಸುತ್ತವೆ. ಒಂದು ಉರುಳೆ ಇದ್ದಲ್ಲೇ ಇರುತ್ತದೆ. ಇನ್ನೊಂದರ ತುದಿಗಳು ನಡು ತಪ್ಪಿದ ಬಿಲ್ಲೆಗಳಲ್ಲಿ ಕೂತಿರುವುದರಿಂದ ಪಕ್ಕದ ಗುಂಡಿಯನ್ನು ಎಳೆದು ತಿರುಗಿಸಿದರೆ ಅದು ಹತ್ತಿರವೋ ದೂರವೋ ಸರಿಯುತ್ತದೆ. ನಡುವಿನ ಸಂದು ಸುಮಾರು 4.8 ಮಿಲಿಮೀಟರ್‌ನಿಂದ 0.6 ಮಿಲಿಮೀಟರ್‌ವರೆಗೆ ಹಂತಹಂತವಾಗಿ ಕಿರಿದಾಗುತ್ತದೆ. ಪ್ರತಿ ಉರುಳೆಯ ಕೆಳಗೂ ಒಂದು ಕೆರೆಪಟ್ಟಿ ಇರುತ್ತದೆ. ಉರುಳೆಗೆ ಅಂಟಿ ಮತ್ತೆ ಮೇಲೇರಲು ಹೊರಟ ಹಿಟ್ಟನ್ನು ತಡೆದು ಕೆರೆಯುವುದು ಅದರ ಕೆಲಸ. ಪಟ್ಟಿ ಕತ್ತರಿಸುವ ಭಾಗದಲ್ಲಿ ತೋಡುತೋಡಾದ ಉರುಳೆಗಳಿದ್ದು, ಆ ತೋಡುಗಳ ನಡುವೆ ಬಾಚಣಿಗೆಯಂಥ ಹಲ್ಲುಗಳು ತೂರಿಕೊಂಡಿರುತ್ತವೆ.

ಗಮನಿಸಿ: ಉರುಳೆಗೂ ಕೆರೆಪಟ್ಟಿಗೂ ನಡುವೆ, ಉರುಳೆಯ ತುದಿಗೂ ಪಕ್ಕದ ತಗಡಿಗೂ ನಡುವೆ, ಬಾಚಣಿಗೆಯ ಹಲ್ಲಿಗೂ ತೋಡಿಗೂ ನಡುವೆ ಇರುವುದು ಕೂದಲೆಳೆಯ ಸಂದು. ಕೈ ಹೋಗದ, ಬಟ್ಟೆ ಹೋಗದ, ಆದರೆ ನೀರು ಮಾತ್ರ ಸಲೀಸಾಗಿ ನುಗ್ಗುವ ಜಾಗಗಳು. ಯಂತ್ರದ ಕಾಯಿಲೆಗಳೆಲ್ಲ ಹುಟ್ಟುವುದು ಇಲ್ಲೇ.

ಬೊಲೊನ್ಯದ ಹಳೆಯ ಪ್ರಯೋಗ

ನೀರು ನುಗ್ಗಿದರೆ ಅಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಅದೇ ಬೊಲೊನ್ಯಕ್ಕೆ, ಸುಮಾರು 300 ವರ್ಷ ಹಿಂದಕ್ಕೆ ಹೋಗಬೇಕು. ಯಾಕೊಪೊ ಬಾರ್ತೊಲೊಮೆಯೊ ಬೆಕ್ಕಾರಿ ಎಂಬ ವೈದ್ಯ-ವಿಜ್ಞಾನಿ 1728ರಲ್ಲಿ ಅಲ್ಲಿನ ವಿದ್ವತ್ ಸಭೆಯ ಮುಂದೆ ಗೋಧಿಯ ಮೇಲಿನ ತನ್ನ ಪ್ರಯೋಗಗಳನ್ನು ವಿವರಿಸಿದ. 1745ರಲ್ಲಿ ಅದು ಅಚ್ಚಾಯಿತು. ಪ್ರಯೋಗ ಯಾರೂ ಮನೆಯಲ್ಲಿ ಮಾಡಬಹುದಾದಷ್ಟು ಸುಲಭ. ಗೋಧಿಹಿಟ್ಟನ್ನು ನಾದಿ, ಉಂಡೆ ಮಾಡಿ, ನೀರಿನಲ್ಲಿ ಹಿಸುಕುತ್ತ ಹಿಸುಕುತ್ತ ತೊಳೆಯಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ತೊಳೆದಷ್ಟೂ ಪಿಷ್ಟ ಹೊರಟುಹೋಗುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಬೂದುಬಣ್ಣದ, ಎಳೆದರೆ ಹಿಗ್ಗುವ, ನೀರಿಗೆ ಜಗ್ಗದ ಒಂದು ಅಂಟುಮುದ್ದೆ. ಪ್ರಾಣಿಗಳ ದೇಹದಲ್ಲಿ ಮಾತ್ರ ಇರಬಹುದೆಂದು ಆಗ ನಂಬಿದ್ದ ಬಗೆಯ ವಸ್ತು ಒಂದು ಕಾಳಿನೊಳಗೆ ಸಿಕ್ಕಿದ್ದು ಆ ಕಾಲಕ್ಕೆ ಬೆರಗಿನ ಸಂಗತಿ. ಇಂದು ನಾವು ಅದನ್ನು ಗ್ಲುಟೆನ್ ಎಂದು ಕರೆಯುತ್ತೇವೆ.

ಗ್ಲುಟೆನ್ ಒಣಹಿಟ್ಟಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಅಲ್ಲಿರುವುದು ಎರಡು ಬಗೆಯ ಪ್ರೋಟೀನುಗಳು. ಒಂದು ಹರಿಯುವ ಗುಣದ್ದು, ಇನ್ನೊಂದು ಹಿಗ್ಗಿ ಮರಳುವ ಗುಣದ್ದು. ನೀರು ಸೇರಿ, ನಾದುವ ಕೈಯ ಒತ್ತಡ ಸೇರಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಯ ಕಣ್ಣುಗಳಲ್ಲಿ ಪಿಷ್ಟದ ಕಣಗಳು ಸಿಕ್ಕಿಕೊಳ್ಳುತ್ತವೆ. ಅದೇ ಕಣಕ.

ಈಗ ಪಾಸ್ತಾ ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿದರೆ ಆಗುವುದೇನು? ಬೆಕ್ಕಾರಿಯ ಪ್ರಯೋಗವನ್ನೇ ನಾವು ಕಣ್ಣಿಗೆ ಕಾಣದ ಸಂದುಗಳೊಳಗೆ ಮಾಡುತ್ತೇವೆ. ನೀರು ಪಿಷ್ಟವನ್ನು ಕೊಚ್ಚಿಕೊಂಡು ಹೋಗುತ್ತದೆ, ಸಿಂಕಿನಲ್ಲಿ ಬೆಳ್ಳಗಿನ ನೀರು ಹರಿಯುತ್ತದೆ, ಯಂತ್ರ ಶುಭ್ರವಾಯಿತೆಂದು ನಮಗೆ ಸಮಾಧಾನವಾಗುತ್ತದೆ. ಗ್ಲುಟೆನ್ ಮಾತ್ರ ಹೋಗುವುದಿಲ್ಲ. ಪಿಷ್ಟ ಕಳೆದುಕೊಂಡು ಮೊದಲಿಗಿಂತ ಅಂಟಾಗಿ ಕೆರೆಪಟ್ಟಿಯ ಹಿಂದೆ, ಉರುಳೆಯ ತುದಿಯಲ್ಲಿ ಕೂತುಬಿಡುತ್ತದೆ.

ಬಿಸಿನೀರು ಹಾಕಿದರೆ ಇನ್ನೂ ಕೆಟ್ಟದು. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ ಗಂಜಿಯಾಗುತ್ತದೆ. ಮೊಟ್ಟೆಯ ಬಿಳಿಭಾಗವೂ ಹೆಚ್ಚುಕಡಿಮೆ ಅಲ್ಲಿಂದಲೇ ಗಟ್ಟಿಯಾಗತೊಡಗುತ್ತದೆ. ತೊಳೆಯಲು ಹೋಗಿ ಯಂತ್ರದೊಳಗೆ ಅಡುಗೆ ಮಾಡಿದಂತಾಗುತ್ತದೆ.

ಹಪ್ಪಳ ಕಲಿಸುವ ಪಾಠ

ನೀರಿನಿಂದ ಹೋಗದ್ದು ಹೋಗುವುದು ಹೇಗೆ? ಹಪ್ಪಳವನ್ನು ನೆನಪಿಸಿಕೊಳ್ಳಿ. ಆಗಷ್ಟೇ ಲಟ್ಟಿಸಿದ ಹಸಿ ಹಪ್ಪಳವನ್ನು ಮಡಿಸಬಹುದು. ನಾಲ್ಕು ದಿನ ಬಿಸಿಲು ಕಂಡ ಮೇಲೆ ಅದೇ ಹಪ್ಪಳ ಮಡಿಸಲು ಹೋದರೆ ಟಕ್ಕೆಂದು ಮುರಿಯುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಮತ್ತೆ ಚರ್ಮದಂತೆ ಬಾಗುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಗರಿಗರಿ. ಪದಾರ್ಥ ಅದೇ, ಬದಲಾಗುತ್ತಿರುವುದು ಅದರೊಳಗಿನ ನೀರಿನ ಪ್ರಮಾಣ ಮಾತ್ರ.

ಗ್ಲುಟೆನ್ ಮತ್ತು ಪಿಷ್ಟ ಎರಡೂ ಉದ್ದುದ್ದ ಸರಪಳಿಯಂಥ ಅಣುಗಳು. ನೀರಿನ ಸಣ್ಣ ಅಣುಗಳು ನಡುವೆ ಹೊಕ್ಕಾಗ ಈ ಸರಪಳಿಗಳು ಒಂದರ ಮೇಲೊಂದು ಜಾರಬಲ್ಲವು. ಆಗ ಪದಾರ್ಥ ಬಾಗುತ್ತದೆ, ಹಿಗ್ಗುತ್ತದೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಇದನ್ನು ರಬ್ಬರುಸ್ಥಿತಿ ಎನ್ನೋಣ. ನೀರು ಹೊರಟುಹೋದರೆ ಸರಪಳಿಗಳು ಇದ್ದಲ್ಲೇ ಬಿಗಿದು ನಿಲ್ಲುತ್ತವೆ. ಆಗ ಪದಾರ್ಥ ಗಟ್ಟಿ, ಆದರೆ ಪೆಡಸು. ಬಾಗಿಸಿದರೆ ಒಡೆಯುತ್ತದೆ. ಇದು ಗಾಜುಸ್ಥಿತಿ. ಕಿಟಕಿಯ ಗಾಜಿನಲ್ಲಿಯೂ ಅಣುಗಳು ಹೀಗೆಯೇ ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿರುವುದರಿಂದ ವಿಜ್ಞಾನಿಗಳು ಈ ಹೆಸರು ಕೊಟ್ಟರು.

ಗೋಧಿಯ ಗ್ಲುಟೆನ್ ಹೀಗೆ ಗಾಜಾಗಬಲ್ಲದು ಎಂದು ವಿಜ್ಞಾನಿ ಹೋಸ್ನಿ ಮತ್ತು ಸಂಗಡಿಗರು 1986ರಲ್ಲಿ ತೋರಿಸಿಕೊಟ್ಟರು. ಪೂರ್ತಿ ಒಣಗಿದ ಗ್ಲುಟೆನ್ ಮೆತ್ತಗಾಗಬೇಕಾದರೆ 150 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ನೀರು ಸೇರುತ್ತ ಹೋದಂತೆ ಆ ಮಟ್ಟ ಸರಸರನೆ ಇಳಿಯುತ್ತದೆ. ನೀರಿನ ಪಾಲು ಸುಮಾರು ಶೇ. 15 ಮುಟ್ಟುವ ಹೊತ್ತಿಗೆ ನಮ್ಮ ಅಡುಗೆಮನೆಯ ಮಾಮೂಲಿ ಉಷ್ಣತೆಯೇ ಅದನ್ನು ಮೆತ್ತಗೆ ಮಾಡಲು ಸಾಕು. ಶೇ. 15 ಎಂಬುದು ಗೆರೆ ಎಳೆದಂಥ ಗಡಿಯಲ್ಲ, ಒಂದು ಅಂದಾಜು. ಆದರೆ ಪಾಸ್ತಾ ಲೋಕವನ್ನು ಅರ್ಥಮಾಡಿಕೊಳ್ಳಲು ಅಷ್ಟು ಸಾಕು. ಅಂಗಡಿಯ ಒಣ ಪಾಸ್ತಾದಲ್ಲಿ ಶೇ. 12.5ಕ್ಕಿಂತ ಹೆಚ್ಚು ನೀರು ಇರಕೂಡದೆಂದು ಇಟಲಿಯ ಕಾನೂನು ಹೇಳುತ್ತದೆ. ಅಂದರೆ ಪೊಟ್ಟಣದಲ್ಲಿರುವ ಸ್ಪಗೆಟ್ಟಿ ಗಡಿಯ ಈಚೆಗಿದೆ. ಅದು ಅಕ್ಷರಶಃ ಗೋಧಿಯ ಗಾಜಿನ ಕಡ್ಡಿ. ಬಾಗಿಸಿದರೆ ಮುರಿಯುತ್ತದೆ, ಅದೂ ಹೆಚ್ಚಿನ ಸಲ ಎರಡಲ್ಲ, ಮೂರೋ ನಾಲ್ಕೋ ತುಂಡಾಗಿ. ಮೊದಲ ಮುರಿತದಿಂದ ಹೊರಟ ಬಾಗುವಿಕೆಯ ಅಲೆ ಉಳಿದ ತುಂಡಿನುದ್ದಕ್ಕೂ ಓಡಿ ಅದನ್ನು ಮತ್ತೆ ಮುರಿಯುತ್ತದೆಂದು ಫ್ರಾನ್ಸಿನ ಭೌತವಿಜ್ಞಾನಿಗಳಾದ ಓಡೋಲಿ ಮತ್ತು ನ್ಯೂಕಿರ್ಶ್ 2005ರಲ್ಲಿ ವಿವರಿಸಿದರು.

ಪಾಸ್ತಾ ಯಂತ್ರದ ಆರೈಕೆಯ ಗುಟ್ಟು ಇಷ್ಟೇ: ಉರುಳೆಗೆ ಮೆತ್ತಿದ ಹಿಟ್ಟನ್ನು ಆ ಸ್ಪಗೆಟ್ಟಿಯ ಸ್ಥಿತಿಗೆ ತರಬೇಕು.

ಒಣಗಲು ಬಿಡಿ, ಆಮೇಲೆ ತಟ್ಟಿ

ಕೆಲಸ ಮುಗಿದ ತಕ್ಷಣ ಮೆತ್ತಿದ್ದನ್ನು ಬಟ್ಟೆಯಿಂದ ಉಜ್ಜಿದರೆ ರಬ್ಬರುಸ್ಥಿತಿಯ ಕಣಕ ತೆಳ್ಳಗೆ ಹರಡಿಕೊಳ್ಳುತ್ತದೆ ಅಷ್ಟೆ. ದೊಡ್ಡ ತುಣುಕುಗಳನ್ನು ಕೈಯಿಂದ ತೆಗೆದು, ಯಂತ್ರವನ್ನು ಗಾಳಿಯಾಡುವ ಕಡೆ ರಾತ್ರಿಯಿಡೀ ಬಿಡಬೇಕು. ಒಣಗುವಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದಾಗಿ, ಹಿಟ್ಟು ಗಾಜಾಗುತ್ತದೆ. ಎರಡನೆಯದಾಗಿ, ನೀರು ಕಳೆದುಕೊಂಡು ಅದು ಕುಗ್ಗುತ್ತದೆ, ಆದರೆ ಕೆಳಗಿನ ಲೋಹ ಕುಗ್ಗುವುದಿಲ್ಲ. ಹಿಡಿತ ಇರುವ ಜಾಗದಲ್ಲೇ ಎಳೆದಾಟ ಶುರುವಾಗಿ ಹಿಟ್ಟಿನ ಅಂಚುಗಳು ತಾವಾಗಿ ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಒಂದು ಒಣ ಬ್ರಷ್ಷು ಆಡಿಸಿ, ಯಂತ್ರವನ್ನು ಮಗುಚಿ ಮೆಲ್ಲಗೆ ತಟ್ಟಿದರೆ ಮುಕ್ಕಾಲು ಪಾಲು ಕಸ ಚೂರಾಗಿ ಉದುರುತ್ತದೆ. ಉಳಿದದ್ದಕ್ಕೆ ಮರದ ಹಲ್ಲುಕಡ್ಡಿ.

ಚಾಕು, ಸ್ಕ್ರೂ ಡ್ರೈವರ್ ತುದಿ, ಸ್ಟೀಲ್ ಉಜ್ಜು ಬೇಡವೇ ಬೇಡ. ಉರುಳೆಯ ನುಣುಪು ಮೈಮೇಲೆ ಒಂದು ಗೀರು ಬಿದ್ದರೆ ಅದು ಹಿಟ್ಟು ಕಚ್ಚಿಕೊಳ್ಳಲು ಕಾಯಂ ಜಾಗವಾಗುತ್ತದೆ. ಆಮೇಲೆ ಪ್ರತಿ ಸಲವೂ ಹಾಳೆಯ ಅದೇ ಕಡೆ ತೂತು ಬೀಳುತ್ತದೆ.

ಇನ್ನು ತುಕ್ಕಿನ ಮಾತು. ಉರುಳೆಗಳಿಗೆ ಲೇಪನವಿದ್ದರೂ ಒಳಗಿನ ಹಲ್ಲುಚಕ್ರ, ಸರಳುಗಳಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಕೂದಲೆಳೆಯ ಸಂದಿಗೆ ಹೊಕ್ಕ ನೀರನ್ನು ಆ ಸಂದೇ ಹಿಡಿದಿಟ್ಟುಕೊಳ್ಳುವುದರಿಂದ ಹೊರಗೆ ಒರೆಸಿ ಒಣಗಿಸಿದರೂ ಒಳಗೆ ದಿನಗಟ್ಟಲೆ ಪಸೆ ಉಳಿಯುತ್ತದೆ. ಕೆಲವು ಯಂತ್ರಗಳ ಉರುಳೆ ಅಲ್ಯೂಮಿನಿಯಮ್ಮಿನದು. ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಕ್ಷಾರದ ಭಯವಿದೆ. ಅಲ್ಯೂಮಿನಿಯಮ್ಮನ್ನು ಕಾಯುವ ತೆಳು ಪದರವನ್ನು ಡಿಶ್‌ವಾಶರ್ ಪುಡಿಯ ಕ್ಷಾರ ಕರಗಿಸುತ್ತದೆ. ಮಿನುಗುತ್ತಿದ್ದ ಉರುಳೆ ಬೂದಿಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ. ಆ ಮಸಿ ನಾಳೆ ಪಾಸ್ತಾಕ್ಕೂ ಹತ್ತುತ್ತದೆ.

ಆಗುಂಬೆಯಲ್ಲಿ ಅದೇ ಕೈಪಿಡಿ ನಡೆಯದು

ಈ ಯಂತ್ರಗಳು ಈಗ ನಮ್ಮ ಕಡೆಯ ಮನೆಗಳಿಗೂ ಬರುತ್ತಿವೆ. ಕೈಪಿಡಿಯಲ್ಲಿ ಒಣಗಲು ಬಿಡಿ ಎಂದಿರುತ್ತದೆ. ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಎಂಬುದನ್ನು ಬರೆದಿರುವುದಿಲ್ಲ. ಗೋಧಿಹಿಟ್ಟು ಸುತ್ತಲಿನ ಗಾಳಿಯೊಡನೆ ಸದಾ ನೀರಿನ ಕೊಡುಕೊಳ್ಳುವಿಕೆಯಲ್ಲಿರುತ್ತದೆ. ಗಾಳಿ ಒಣಗಿದ್ದರೆ ಹಿಟ್ಟು ನೀರು ಬಿಟ್ಟುಕೊಡುತ್ತದೆ, ಗಾಳಿ ತೇವವಾಗಿದ್ದರೆ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ. 80 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಹಿಟ್ಟಿನೊಳಗಿನ ನೀರು ಶೇ. 15ರ ಗಡಿಯನ್ನು ದಾಟಬಲ್ಲದು.

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಯಂತ್ರಕ್ಕೆ ಮೆತ್ತಿದ ಹಿಟ್ಟು ಕೆಲವೇ ಗಂಟೆಗಳಲ್ಲಿ ಗಾಜಾಗುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಅದು ರಾತ್ರಿಯಿಡೀ ಇಟ್ಟರೂ ಚರ್ಮದ ಹದದಲ್ಲೇ ಇರುತ್ತದೆ. ಉಜ್ಜಿದರೆ ಒಡೆಯುವುದಿಲ್ಲ, ಎಳೆದರೆ ಬರುವುದಿಲ್ಲ. ಹಾಗೇ ಪೆಟ್ಟಿಗೆಗೆ ತುರುಕಿದರೆ ಬೂಷ್ಟು ಹಿಡಿಯುತ್ತದೆ, ನುಸಿ ಸೇರುತ್ತದೆ. ಅಲ್ಲಿ ಸುಮ್ಮನೆ ಕಾದರೆ ಸಾಲದು. ಫ್ಯಾನಿನ ಕೆಳಗಿಟ್ಟು, ಕೂದಲು ಒಣಗಿಸುವ ಡ್ರೈಯರ್‌ನ ಉಗುರುಬೆಚ್ಚಗಿನ ಗಾಳಿ ಬಿಟ್ಟು, ಯಂತ್ರ ತಣ್ಣಗಾದ ಮೇಲೆ ಬ್ರಷ್ಷು ಹಿಡಿಯಬೇಕು. ತಣ್ಣಗಾಗುವವರೆಗೆ ಕಾಯಲು ಕಾರಣವಿದೆ: ಬಿಸಿಯೂ ನೀರಿನಂತೆಯೇ ಸರಪಳಿಗಳನ್ನು ಸಡಿಲಗೊಳಿಸುತ್ತದೆ.

ಬಿಸಿ ಮೆತ್ತಗಾಗಿಸಿದರೆ ಚಳಿ ಗಟ್ಟಿಯಾಗಿಸಬೇಕಲ್ಲ, ಯಂತ್ರವನ್ನೇ ಫ್ರೀಜರ್‌ನಲ್ಲಿಟ್ಟರೆ ಹೇಗೆ ಎಂದು ಕೇಳಬಹುದು. ತರ್ಕ ಸರಿ. ಆದರೆ ಹೊರತೆಗೆದ ಕೂಡಲೇ ತಣ್ಣನೆಯ ಲೋಹದ ಮೇಲೆಲ್ಲ, ಹಲ್ಲುಚಕ್ರಗಳ ಮೇಲೂ, ಗಾಳಿಯ ತೇವ ಹನಿಗಟ್ಟುತ್ತದೆ. ದೂರ ಇಡಬೇಕಾದ ನೀರನ್ನು ನಾವೇ ಕರೆದಂತಾಗುತ್ತದೆ.

ಕಾಯಿಲೆ ಯಂತ್ರದ್ದಲ್ಲ, ಹಿಟ್ಟಿನದು

ಪಾಸ್ತಾ ಯಂತ್ರ ಕೆಟ್ಟಿತೆಂಬ ದೂರುಗಳಲ್ಲಿ ಹಲವು ಯಂತ್ರದ ತಪ್ಪೇ ಅಲ್ಲ. ಇಟಲಿಯ ಮನೆಗಳ ರೂಢಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಸಿಪ್ಪೆ ಬಿಟ್ಟು ಮೊಟ್ಟೆ ಸುಮಾರು 50 ಗ್ರಾಂ, ಅದರಲ್ಲಿ ಮುಕ್ಕಾಲು ಪಾಲು ನೀರು. ಹಿಟ್ಟಿನಲ್ಲೇ ಇರುವ ತೇವವನ್ನೂ ಕೂಡಿದರೆ ಕಣಕದ ಮೂರರಲ್ಲೊಂದು ಪಾಲು ನೀರು. ನಮ್ಮ ಚಪಾತಿ ಹಿಟ್ಟಿಗೆ 100 ಗ್ರಾಮಿಗೆ 60ರಿಂದ 70 ಮಿಲಿಲೀಟರ್ ನೀರು ಹಿಡಿಯುತ್ತದೆ, ನೀರಿನ ಪಾಲು ಅರ್ಧದ ಹತ್ತಿರ ಹೋಗುತ್ತದೆ. ಆ ಹದದ ಹಿಟ್ಟನ್ನು ಪಾಸ್ತಾ ಯಂತ್ರಕ್ಕೆ ಕೊಟ್ಟರೆ ಅದು ಉರುಳೆ ಬಿಟ್ಟು ಇಳಿಯುವುದೇ ಇಲ್ಲ. ಕೆರೆಪಟ್ಟಿಯ ಹಿಂದೆ ಗಂಟು ಕಟ್ಟುತ್ತದೆ. ಪಾಸ್ತಾದ ಕಣಕ ಪೂರಿಯ ಹಿಟ್ಟಿಗಿಂತಲೂ ಗಟ್ಟಿಯಿರಬೇಕು, ಬೆರಳು ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು.

ಕತ್ತರಿಸುವ ಉರುಳೆಯಿಂದ ಪಟ್ಟಿಗಳು ಬಿಡಿಬಿಡಿಯಾಗದೆ ಅಂಟಿಕೊಂಡೇ ಬರುತ್ತಿವೆಯೇ? ಹಾಳೆ ಒದ್ದೆಯಾಗಿದೆ. ಒಣಹಿಟ್ಟು ಉದುರಿಸಿ ಹತ್ತು ನಿಮಿಷ ಗಾಳಿಗಿಡಿ. ಉರುಳೆ ಹಾಳೆಯನ್ನು ಹಿಡಿಯುತ್ತಲೇ ಇಲ್ಲ, ಅಂಚು ಹರಿದು ಬರುತ್ತಿದೆಯೇ? ಹಾಳೆ ಒಣಗಿದೆ, ಗಾಜಿನ ಕಡೆಗೆ ಹೊರಟಿದೆ. ಹದ ಸರಿಯಿದ್ದೂ ಪ್ರತಿ ಸಲ ಅದೇ ಎರಡು ಪಟ್ಟಿಗಳು ಮಾತ್ರ ಅಂಟುತ್ತಿದ್ದರೆ ಆಗ ಯಂತ್ರವನ್ನು ಅನುಮಾನಿಸಬೇಕು. ಆ ಜಾಗದ ಬಾಚಣಿಗೆ ಹಲ್ಲು ಬಾಗಿರುತ್ತದೆ, ಇಲ್ಲವೇ ಹಳೆಯ ಹಿಟ್ಟು ಕಚ್ಚಿಕೊಂಡಿರುತ್ತದೆ.

ಹಿಡಿಕೆ ಬಿಗಿಯಾಗಿ, ಹಲ್ಲುಚಕ್ರ ಕಟಕಟ ಎಂದು ಜಿಗಿಯುವುದಕ್ಕೆ ಹೆಚ್ಚಿನ ಸಲ ಅವಸರವೇ ಕಾರಣ. 4.8 ಮಿಲಿಮೀಟರ್‌ನ ಹಾಳೆ 0.6ಕ್ಕೆ ಇಳಿದರೆ ದಪ್ಪ ಎಂಟರಲ್ಲೊಂದು ಪಾಲಾಗುತ್ತದೆ. ಅಗಲ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಗೇಣುದ್ದದ ಹಾಳೆ ಸುಮಾರು ಎಂಟು ಗೇಣಾಗಬೇಕು. ಗ್ಲುಟೆನ್ ಬಲೆ ಇದನ್ನು ಒಂದೇ ಏಟಿಗೆ ಒಪ್ಪುವುದಿಲ್ಲ, ತಿರುಗಿ ಒತ್ತುತ್ತದೆ. ಆ ಒತ್ತಡವೆಲ್ಲ ಬೀಳುವುದು ಉರುಳೆಯ ತುದಿಗಳ ಮೇಲೆ, ಸಂದು ಹಿಡಿದಿರುವ ಗುಂಡಿಯ ಮೊಳೆಯ ಮೇಲೆ. ಒಂದೊಂದೇ ಹಂತ ಇಳಿಯಬೇಕು. ನಾದಿದ ಮೇಲೆ ಅರ್ಧ ಗಂಟೆ ಹಿಟ್ಟನ್ನು ಮುಚ್ಚಿಟ್ಟರೆ ಬಿಗಿದ ಬಲೆ ತುಸು ಸಡಿಲಾಗಿ ಯಂತ್ರದ ಆಯುಷ್ಯವೂ ಹೆಚ್ಚುತ್ತದೆ.

ಕಿರುಗುಟ್ಟುವ ಉರುಳೆಗೆ ಯಾವ ಎಣ್ಣೆ?

ಉರುಳೆಯ ತುದಿ ಪಕ್ಕದ ಬಿಲ್ಲೆಗೆ ಎಣ್ಣೆಯಿಲ್ಲದೆ ಉಜ್ಜಿದಾಗ ಅದು ಕಚ್ಚುತ್ತ ಜಾರುತ್ತ ನಡುಗುತ್ತದೆ. ಕಿರುಗುಟ್ಟುವ ಸದ್ದು ಅದೇ. ಎರಡು ತುದಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು ಹತ್ತು ಸುತ್ತು ತಿರುಗಿಸಿದರೆ ನಿಲ್ಲುತ್ತದೆ. ಪ್ರಶ್ನೆ ಇರುವುದು ಯಾವ ಎಣ್ಣೆ ಎಂಬಲ್ಲಿ.

ಕೈಗೆ ಸಿಗುವುದು ಅಡುಗೆಯ ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆ. ಇವುಗಳ ಅಣುಗಳಲ್ಲಿ ಗಾಳಿಯ ಆಮ್ಲಜನಕ ಕೈಹಾಕಬಲ್ಲ ಸಡಿಲ ಕೊಂಡಿಗಳಿವೆ. ತಿಂಗಳುಗಟ್ಟಲೆ ತೆಳ್ಳಗೆ ಹರಡಿಕೊಂಡಿದ್ದರೆ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗೋಂದಾಗುತ್ತವೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಕೂತ ಹಳದಿ ಅಂಟು ಹೀಗೆ ಆದದ್ದು. ಅಗಸೆ ಎಣ್ಣೆಯಲ್ಲಿ ಈ ಗುಣ ಬಹಳ, ಅದಕ್ಕೇ ಅದನ್ನು ಬಣ್ಣ, ವಾರ್ನಿಶ್‌ಗಳಲ್ಲಿ ಬಳಸುತ್ತಾರೆ. ಯಂತ್ರದೊಳಗೆ ಈ ಗೋಂದಿಗೆ ಒಣಹಿಟ್ಟು ಸೇರಿದರೆ ಆಗುವ ಲೇಪ ಬ್ರಷ್ಷಿಗೂ ಜಗ್ಗದು, ಕಾಯುವುದಕ್ಕೂ ಜಗ್ಗದು. ತೆಂಗಿನೆಣ್ಣೆಯಲ್ಲಿ ಅಂಥ ಕೊಂಡಿಗಳು ಬಹಳ ಕಡಿಮೆ, ಗೋಂದಾಗುವುದಿಲ್ಲ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಕಮಟು ವಾಸನೆ ಬರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಗೋಂದಾಗದು, ಆದರೆ ಅದು ತಿನ್ನುವ ಪದಾರ್ಥಕ್ಕೆ ತಗಲುವಂಥದ್ದಲ್ಲ.

ಸರಿಯಾದದ್ದು ಆಹಾರಕ್ಕೆ ತಗಲಿದರೂ ತೊಂದರೆಯಿಲ್ಲದ ದರ್ಜೆಯ ಮಿನರಲ್ ಆಯಿಲ್. ಅದರಲ್ಲಿ ಸಡಿಲ ಕೊಂಡಿಗಳಿಲ್ಲ, ಆಮ್ಲಜನಕಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಅದೂ ಹನಿ ಲೆಕ್ಕದಲ್ಲಿ ಸಾಕು. ಹೆಚ್ಚಾದರೆ ಹಿಟ್ಟಿನ ಧೂಳನ್ನು ಹಿಡಿದು ಕೂರುತ್ತದೆ. ಎಣ್ಣೆ ಬಿಟ್ಟ ಮೇಲೆ, ಹೊಸ ಯಂತ್ರ ತಂದಾಗಲೂ, ಒಂದು ಸಣ್ಣ ಉಂಡೆ ಹಿಟ್ಟನ್ನು ಎಲ್ಲ ಉರುಳೆಗಳಲ್ಲಿ ಹಾಯಿಸಿ ಎಸೆಯಬೇಕು. ಹೆಚ್ಚುವರಿ ಎಣ್ಣೆ, ಲೋಹದ ಬೂದಿಬಣ್ಣದ ಪುಡಿ ಎರಡನ್ನೂ ಅದು ಎತ್ತಿಕೊಂಡು ಬರುತ್ತದೆ. ಹಿಟ್ಟಿನ ಅಂಟುಗುಣ ನಮ್ಮ ಕೆಲಸಕ್ಕೆ ಬರುವ ಒಂದೇ ಸಂದರ್ಭ ಇದು.

ಬಿಚ್ಚಲೇಬೇಕಾದಾಗ

ಒಣಗಿಸಿ, ತಟ್ಟಿ, ಎಣ್ಣೆ ಬಿಟ್ಟ ಮೇಲೂ ಹಾಳೆಯಲ್ಲಿ ಬೂದಿಬಣ್ಣದ ಗೆರೆ ಬರುತ್ತಿದ್ದರೆ, ಹಾಳೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾಗುತ್ತಿದ್ದರೆ, ಗುಂಡಿ ತಿರುಗದಿದ್ದರೆ ಪಕ್ಕದ ಮುಚ್ಚಳ ತೆಗೆಯಬೇಕಾಗುತ್ತದೆ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎಡ ಬಲದ ಬಿಲ್ಲೆಗಳನ್ನು ಬೇರೆ ಬೇರೆ ತಟ್ಟೆಯಲ್ಲಿಡಿ. ಗುಂಡಿಯ ಹಿಂದಿನ ಸ್ಪ್ರಿಂಗ್ ಚಿಮ್ಮಿ ಮಂಚದಡಿ ಸೇರುವ ಜಾತಿಯದು, ಅದರ ಮೇಲೆ ಕೈಯಿಟ್ಟೇ ಬಿಚ್ಚಿ. ಒಂದಕ್ಕೊಂದು ಕೂಡುವ ಹಲ್ಲುಗಳ ಮೇಲೆ ಪೆನ್ನಿನಿಂದ ಗುರುತು ಹಾಕಿದರೆ ಮರುಜೋಡಣೆ ಸುಲಭ.

ಒಳಗೆ ನೋಡಬೇಕಾದದ್ದು ಮೂರು. ಕೆರೆಪಟ್ಟಿ ನೇರವಾಗಿದೆಯೇ, ಉರುಳೆಗೆ ಉದ್ದಕ್ಕೂ ಹಗುರವಾಗಿ ತಾಗುತ್ತಿದೆಯೇ? ಅದರ ಹಿಂದೆ ಹಿಟ್ಟು ಗಟ್ಟಿಯಾಗಿ ಪಟ್ಟಿಯನ್ನು ಉರುಳೆಗೆ ಒತ್ತಿದ್ದರೆ ಲೋಹ ಸವೆದು ಬೂದಿ ಗೆರೆ ಬರುತ್ತದೆ. ಎರಡನೆಯದು, ನಡು ತಪ್ಪಿದ ಬಿಲ್ಲೆಗಳು ಎರಡೂ ಕಡೆ ಒಂದೇ ಸಮನಾಗಿ ತಿರುಗುತ್ತಿವೆಯೇ? ಒಂದು ಕಡೆ ಹಿಟ್ಟು ಕಲ್ಲಾಗಿ ಬಿಲ್ಲೆಯನ್ನು ಹಿಡಿದಿದ್ದರೆ ಉರುಳೆ ಓರೆಯಾಗಿ ನಿಲ್ಲುತ್ತದೆ, ಹಾಳೆ ಒಂದು ಬದಿಗೆ ದಪ್ಪವಾಗುತ್ತದೆ. ಮೂರನೆಯದು, ಹಲ್ಲುಗಳ ಸವೆತ. ಸವೆದ ಚಕ್ರಕ್ಕೆ ಮನೆಮದ್ದಿಲ್ಲ, ಬದಲಿಸಬೇಕು. ಉಳಿದೆರಡೂ ಕುಂಚ ಮತ್ತು ಮರದ ಕಡ್ಡಿಯಿಂದ ಸರಿಹೋಗುವಂಥವು. ಜೋಡಿಸಿದ ಮೇಲೆ ಉರುಳೆಯ ಎರಡು ತುದಿಗಳಲ್ಲಿ ಕಿರುಬೆರಳಗಲದ ಎರಡು ಹಿಟ್ಟಿನ ಪಟ್ಟಿಗಳನ್ನು ಒಟ್ಟಿಗೆ ಹಾಯಿಸಿ ಹೋಲಿಸಿ. ಎರಡೂ ಒಂದೇ ದಪ್ಪವಿದ್ದರೆ ಉರುಳೆಗಳು ನೇರ ಕೂತಿವೆ.

ಒತ್ತುವ ಯಂತ್ರದ ರೀತಿ ಬೇರೆ

ಪಾಸ್ತಾ ಎಲ್ಲವೂ ಉರುಳೆಯಿಂದ ಬರುವುದಿಲ್ಲ. ಕೊಳವೆ, ಸುರುಳಿ, ಸ್ಪಗೆಟ್ಟಿಗಳನ್ನು ತೂತಿನ ಅಚ್ಚಿನ ಮೂಲಕ ಒತ್ತಿ ತೆಗೆಯುತ್ತಾರೆ. ಕಾರ್ಖಾನೆಗಳಲ್ಲಿ ಕಂಚಿನ ಅಚ್ಚುಗಳು, ಮನೆಯ ವಿದ್ಯುತ್ ಯಂತ್ರಗಳಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳು. ನಮ್ಮ ಶಾವಿಗೆ ಒರಳು, ಚಕ್ಕುಲಿ ಒರಳುಗಳೂ ಈ ಕುಲದವೇ. ಶಾವಿಗೆಗೆ ಹಾಕುವ ಬನ್ಸಿ ರವೆಯೂ ಇಟಲಿಯ ಒಣ ಪಾಸ್ತಾದ ಗೋಧಿಯೂ ಒಂದೇ ಜಾತಿ, ಡ್ಯೂರಮ್.

ಈ ಅಚ್ಚು, ಬಿಲ್ಲೆಗಳನ್ನು ಮಾತ್ರ ಧಾರಾಳವಾಗಿ ನೆನೆಹಾಕಬಹುದು. ಕಾರ್ಖಾನೆಗಳಲ್ಲಿ ಅಚ್ಚು ತೊಳೆಯಲು ರಭಸದ ನೀರಿನ ಧಾರೆ ಹಾಯಿಸುವ ಯಂತ್ರಗಳೇ ಇವೆ. ಹಿಟ್ಟು ಅದೇ ಆದರೂ ನಿಯಮ ತಲೆಕೆಳಗಾಗಲು ಕಾರಣ ಜಾಗ. ಅಚ್ಚಿನ ತೂತು ಆರಪಾರ ಇದೆ. ನೆನೆದು ಮೆತ್ತಗಾದ ಗ್ಲುಟೆನ್‌ಗೆ ಇನ್ನೊಂದು ಬದಿಯಿಂದ ಹೊರಬೀಳಲು ದಾರಿಯಿದೆ, ಕಡ್ಡಿಯಿಂದ ನೂಕಬಹುದು. ಹಲ್ಲುಚಕ್ರವಿಲ್ಲ, ಮುಚ್ಚಿದ ಸಂದಿಲ್ಲ, ತೊಳೆದ ಮೇಲೆ ಒರೆಸಿ ಬಿಸಿಲಿಗಿಡಬಹುದು. ಪ್ಲಾಸ್ಟಿಕ್ ಬಿಲ್ಲೆಯನ್ನಾದರೆ ಫ್ರೀಜರ್‌ನಲ್ಲಿಟ್ಟು, ತೂತುಗಳಲ್ಲಿ ಗಟ್ಟಿಯಾದ ಹಿಟ್ಟನ್ನು ತಟ್ಟಿ ಉದುರಿಸುವ ಉಪಾಯವೂ ನಡೆಯುತ್ತದೆ.

ಹಾಗಾಗಿ ಹಿಟ್ಟಿನ ಯಂತ್ರ ಯಾವುದೇ ಇರಲಿ, ಸ್ವಚ್ಛ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೆತ್ತಗಾದ ಹಿಟ್ಟಿಗೆ ಇಲ್ಲಿಂದ ಹೊರಹೋಗಲು ದಾರಿ ಇದೆಯೇ? ಇದ್ದರೆ ಪೂರ್ತಿ ನೆನೆಸಿ. ಇಲ್ಲದಿದ್ದರೆ ಪೂರ್ತಿ ಒಣಗಿಸಿ. ಯಂತ್ರಗಳನ್ನು ಕೆಡಿಸುವುದು ಇವೆರಡರ ನಡುವಿನ ಅರೆಮನಸ್ಸಿನ ಒದ್ದೆಬಟ್ಟೆ.